ಹಳೆಯ ಡಿಸ್ಕ್ ಇಮೇಜ್‌ಗಳಿಂದ ಕನ್ನಡ ಕಡತಗಳ ಮರುಪಡೆಕೆ

ಫ್ಲಾಪಿ ಅಥವಾ ಹಾರ್ಡ್ ಡಿಸ್ಕ್‌ನಲ್ಲಿರುವ ಎಲ್ಲ ಬೈಟ್‌ಗಳನ್ನೂ ಮೊದಲ ಸೆಕ್ಟರ್‌ನಿಂದ ಕೊನೆಯದರವರೆಗೆ ಅದೇ ಕ್ರಮದಲ್ಲಿ ನಕಲು ಮಾಡಿ ಒಂದೇ ಕಡತವಾಗಿ ಇಟ್ಟುಕೊಂಡದ್ದಕ್ಕೆ ಡಿಸ್ಕ್ ಇಮೇಜ್ ಎಂದು ಹೆಸರು. ಅದರೊಳಗಿನ ಪತ್ರ, ಲೇಖನ, ಲೆಕ್ಕದ ಪಟ್ಟಿ, ಪುಸ್ತಕದ ಅಧ್ಯಾಯಗಳನ್ನು ಒಂದೊಂದಾಗಿ ಬೇರ್ಪಡಿಸಿ ಇಂದಿನ ಕಂಪ್ಯೂಟರ್ ಓದಬಲ್ಲ ರೂಪಕ್ಕೆ ತರುವುದು ಮರುಪಡೆಕೆ. ಈ ಕೆಲಸಕ್ಕೆ ಕಮಾಂಡ್ ಲೈನ್ ಉಪಕರಣಗಳೇ ಹೆಚ್ಚು ಬಳಕೆಯಲ್ಲಿವೆ. ಒಮ್ಮೆ ಬರೆದ ಆದೇಶವನ್ನು ನೂರಾರು ಇಮೇಜ್‌ಗಳ ಮೇಲೆ ಒಂದೇ ರೀತಿಯಲ್ಲಿ ನಡೆಸಬಹುದು, ನಡೆದದ್ದೆಲ್ಲ ಅಕ್ಷರರೂಪದಲ್ಲಿ ದಾಖಲಾಗುತ್ತದೆ, ಬೇರೊಬ್ಬರು ಅದನ್ನೇ ಮತ್ತೆ ನಡೆಸಿ ಫಲಿತಾಂಶವನ್ನು ಪರೀಕ್ಷಿಸಬಹುದು.

ಕನ್ನಡಕ್ಕೆ ಈ ವಿಷಯ ಮುಖ್ಯವಾಗುವುದು ಅದರ ಕಾಲದಿಂದಾಗಿ. 1980ರ ದಶಕದ ಕೊನೆಯಿಂದ 2000ರ ದಶಕದ ಮೊದಲ ವರ್ಷಗಳವರೆಗೆ ಕಂಪ್ಯೂಟರ್‌ನಲ್ಲಿ ಅಕ್ಷರ ಜೋಡಿಸಿ ಅಚ್ಚು ಮಾಡಿದ ಕನ್ನಡ ಪುಸ್ತಕ, ಪತ್ರಿಕೆ, ಆಹ್ವಾನಪತ್ರಿಕೆ, ಕಚೇರಿ ಕಾಗದಗಳ ಮೂಲ ಕಡತಗಳು ಉಳಿದಿದ್ದರೆ ಇಂಥ ಡಿಸ್ಕ್‌ಗಳಲ್ಲೇ ಉಳಿದಿರುತ್ತವೆ. ಇಂಗ್ಲಿಷ್ ಕಡತವನ್ನು ಇಮೇಜ್‌ನಿಂದ ಹೊರತೆಗೆದರೆ ಕೆಲಸ ಬಹುಮಟ್ಟಿಗೆ ಮುಗಿಯಿತು. ಕನ್ನಡ ಕಡತಕ್ಕೆ ಇನ್ನೂ ಒಂದು ಹಂತ ಬೇಕು: ಕೈಗೆ ಬಂದ ಬೈಟ್‌ಗಳನ್ನು ಕನ್ನಡ ಅಕ್ಷರಗಳಾಗಿಸುವುದು. ಆ ಹಂತವನ್ನು ಹೊರಗಿನ ಯಾವ ಸಾಮಾನ್ಯ ಉಪಕರಣವೂ ಪೂರ್ತಿಯಾಗಿ ಮಾಡಿಕೊಡುವುದಿಲ್ಲ. ಅದು ಕನ್ನಡಿಗರೇ ಮಾಡಿಕೊಳ್ಳಬೇಕಾದ ಕೆಲಸ.

ಮಾಧ್ಯಮದ ಇತಿಹಾಸ

ಐಬಿಎಂ ಕಂಪನಿ 8 ಇಂಚಿನ ಫ್ಲಾಪಿಯನ್ನು ಮಾರುಕಟ್ಟೆಗೆ ತಂದದ್ದು 1971ರಲ್ಲಿ. 1976ರಲ್ಲಿ ಶುಗಾರ್ಟ್ ಕಂಪನಿಯ 5¼ ಇಂಚಿನ ಫ್ಲಾಪಿ, 1981ರಲ್ಲಿ ಸೋನಿಯ 3½ ಇಂಚಿನದು ಬಂದವು. ಐಬಿಎಂ ಪಿಸಿ ಹಾಗೂ ಅದರ ಮಾದರಿಯ ಯಂತ್ರಗಳಲ್ಲಿ ನಾಲ್ಕು ಅಳತೆಗಳು ಹೆಚ್ಚು ಬಳಕೆಯಾದವು: 5¼ ಇಂಚಿನಲ್ಲಿ 360 ಕೆಬಿ ಮತ್ತು 1.2 ಎಂಬಿ, 3½ ಇಂಚಿನಲ್ಲಿ 720 ಕೆಬಿ ಮತ್ತು 1.44 ಎಂಬಿ. ಸೋನಿ ಜಪಾನಿನಲ್ಲಿ ಫ್ಲಾಪಿ ಮಾರಾಟವನ್ನು 2011ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಇಂದು ಕೈಯಲ್ಲಿರುವ ಬಹುತೇಕ ಫ್ಲಾಪಿಗಳು ಇಪ್ಪತ್ತು ವರ್ಷ ದಾಟಿದವು. ತೇವವಿರುವ ಕಡೆ ಇಟ್ಟ ಡಿಸ್ಕ್‌ಗೆ ಬೂಷ್ಟು ಹಿಡಿಯುತ್ತದೆ. ಕಾಂತೀಯ ಲೇಪ ಸಡಿಲಗೊಂಡು ಓದುವ ಹೆಡ್‌ಗೆ ಅಂಟಿಕೊಳ್ಳುತ್ತದೆ. ಪ್ರತಿ ಬಾರಿ ಓದಿದಾಗಲೂ ಲೇಪ ಸ್ವಲ್ಪ ಸವೆಯುವುದರಿಂದ, ಓದುವುದನ್ನು ಒಮ್ಮೆ ಸರಿಯಾಗಿ ಮಾಡಿ ಮುಂದಿನ ಕೆಲಸವನ್ನೆಲ್ಲ ಇಮೇಜ್‌ನ ಮೇಲೆ ನಡೆಸುವುದು ಈ ಕ್ಷೇತ್ರದ ಮೊದಲ ನಿಯಮ.

ಉತ್ತರ ಬೆಂಗಳೂರಿನ ನೆಲೆ

ಇಂಥ ಡಿಸ್ಕ್‌ಗಳು ಎಲ್ಲಿ ಉಳಿದಿರಬಹುದೆಂಬುದಕ್ಕೆ ಉತ್ತರ ಬೆಂಗಳೂರು ಒಂದು ಉದಾಹರಣೆ. ಬೆಂಗಳೂರಿನ ಕಂಪ್ಯೂಟರ್ ಇತಿಹಾಸದ ಹಳೆಯ ನೆಲೆಗಳಲ್ಲಿ ಹಲವು ನಗರದ ಈ ಭಾಗದಲ್ಲಿವೆ. ಮಲ್ಲೇಶ್ವರ, ಯಶವಂತಪುರಗಳ ನಡುವಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದ ಆರಂಭದಲ್ಲಿ ಐಬಿಎಂ 360/44 ಯಂತ್ರವಿತ್ತು. 1980ರ ಹೊತ್ತಿಗೆ ಡೆಕ್ ಸಿಸ್ಟಂ-10 ಬಂತು. ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಇದೆ. ಹೆಬ್ಬಾಳದ ಆಚೆಗಿನ ಜಿಕೆವಿಕೆ ಆವರಣದಲ್ಲಿ ಕೃಷಿ ವಿಶ್ವವಿದ್ಯಾನಿಲಯವೂ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ ಇವೆ. ಜಕ್ಕೂರಿನಲ್ಲಿ 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಯಲಹಂಕದಲ್ಲಿ 1980ರ ದಶಕದ ರೈಲು ಗಾಲಿ ಕಾರ್ಖಾನೆ ಇವೆ. ಫ್ಲಾಪಿಯ ಕಾಲದಲ್ಲಿ ಬೆಳೆದ ಇಂಥ ಸಂಸ್ಥೆಗಳ ಸುತ್ತ, ಆರ್.ಟಿ. ನಗರ, ಯಶವಂತಪುರ, ಹೆಬ್ಬಾಳ, ಯಲಹಂಕಗಳ ಬೀದಿಗಳಲ್ಲಿ, ನಗರದ ಉಳಿದೆಡೆಯಂತೆಯೇ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳು ಹುಟ್ಟಿಕೊಂಡವು. ಪ್ರೌಢಪ್ರಬಂಧ, ಸಂಘದ ವಾರ್ಷಿಕ ವರದಿ, ಮದುವೆಯ ಕರೆಯೋಲೆ, ಕವನ ಸಂಕಲನ ಇವುಗಳ ಕಡತ ಉಳಿದಿದ್ದದ್ದು ಇಂಥ ಅಂಗಡಿಯ ಫ್ಲಾಪಿ ಡಬ್ಬಿಯಲ್ಲಿ.

ಈ ಭಾಗದಲ್ಲೇ ಸಂರಕ್ಷಣೆಯ ಕೆಲಸವೂ ನಡೆದಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2019ರಲ್ಲಿ ತೆರೆದ ಪತ್ರಾಗಾರ ಸಮಕಾಲೀನ ಭಾರತದ ಜೀವವಿಜ್ಞಾನದ ಇತಿಹಾಸಕ್ಕೆ ಸಂಬಂಧಿಸಿದ ದಾಖಲೆಗಳನ್ನು ಸಂಗ್ರಹಿಸಿ ಸಾರ್ವಜನಿಕರಿಗೆ ಒದಗಿಸುತ್ತದೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳ ವಿಜ್ಞಾನಿಯೊಬ್ಬರ ಸಂಗ್ರಹವೆಂದರೆ ಕಾಗದದ ಕಟ್ಟುಗಳ ಜೊತೆಗೆ ಡಿಸ್ಕ್‌ಗಳೂ ಇರುವ ಸಂಗ್ರಹ. ಭಾರತೀಯ ವಿಜ್ಞಾನ ಸಂಸ್ಥೆಗೂ ತನ್ನದೇ ಪತ್ರಾಗಾರವಿದೆ.

ಪದರಗಳು

ಹಳೆಯ ಡಿಸ್ಕ್‌ನಿಂದ ಓದಬಲ್ಲ ಪಠ್ಯದವರೆಗಿನ ದಾರಿಯಲ್ಲಿ ಐದು ಪದರಗಳಿವೆ. ಮೊದಲನೆಯದು ಡಿಸ್ಕ್‌ನ ಮೇಲಿನ ಕಾಂತೀಯ ಬದಲಾವಣೆಗಳು. ಎರಡನೆಯದು ಅವುಗಳನ್ನು ಅರ್ಥೈಸಿ ಪಡೆದ ಸೆಕ್ಟರ್‌ಗಳು. ಮೂರನೆಯದು ಆ ಸೆಕ್ಟರ್‌ಗಳಲ್ಲಿ ಯಾವುದು ಯಾವ ಕಡತಕ್ಕೆ ಸೇರಿದ್ದೆಂದು ಹೇಳುವ ಕಡತ ವ್ಯವಸ್ಥೆ. ನಾಲ್ಕನೆಯದು ಕಡತದ ಒಳರಚನೆ, ಅಂದರೆ ವರ್ಡ್‌ಸ್ಟಾರ್, ಡಿಬೇಸ್, ಪೇಜ್‌ಮೇಕರ್ ಮುಂತಾದ ತಂತ್ರಾಂಶಗಳ ಸ್ವಂತ ಬಗೆ. ಐದನೆಯದು ಅಕ್ಷರ ಸಂಕೇತ. ಪ್ರತಿ ಪದರಕ್ಕೂ ಬೇರೆ ಉಪಕರಣ ಬೇಕು. ಒಂದು ಪದರದಲ್ಲಿ ಆದ ತಪ್ಪನ್ನು ಮುಂದಿನ ಪದರದಲ್ಲಿ ಸರಿಪಡಿಸಲಾಗುವುದಿಲ್ಲವಾದ್ದರಿಂದ ಪ್ರತಿ ಹಂತದ ಫಲವನ್ನೂ ಬೇರೆಬೇರೆಯಾಗಿ ಉಳಿಸಿಕೊಳ್ಳಬೇಕು.

ಅಮೆರಿಕದಲ್ಲಿ 2014ರಲ್ಲಿ ಬೆಳಕಿಗೆ ಬಂದ ಒಂದು ಪ್ರಕರಣ ಇದಕ್ಕೆ ಉದಾಹರಣೆ. ಚಿತ್ರಕಾರ ಆಂಡಿ ವಾರ್ಹಾಲ್ 1985ರಲ್ಲಿ ಅಮಿಗಾ ಕಂಪ್ಯೂಟರ್‌ನಲ್ಲಿ ಬರೆದ ಚಿತ್ರಗಳನ್ನು ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ಕ್ಲಬ್‌ನವರು ಫ್ಲಾಪಿಗಳಿಂದ ಪಡೆದರು. ಡಿಸ್ಕ್ ಓದಿದ ಮೇಲೂ ಚಿತ್ರಗಳು ತೆರೆಯಲಿಲ್ಲ, ಕಡತದ ಬಗೆ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಬಿಡಿಸಿ ಅರಿತುಕೊಂಡ ಮೇಲೆ ಚಿತ್ರಗಳು ಕಂಡವು. ಕನ್ನಡದ ಹಳೆಯ ಡಿಟಿಪಿ ಕಡತಗಳ ಸ್ಥಿತಿಯೂ ಇಂಥದೇ.

ಇಮೇಜ್ ತಯಾರಿಕೆ

ಓದುವ ಮುನ್ನ ಡಿಸ್ಕ್‌ನ ಮೇಲೆ ಏನೂ ಬರೆಯದಂತೆ ಕಾಪಾಡಬೇಕು. 3½ ಇಂಚಿನ ಫ್ಲಾಪಿಯಲ್ಲಿ ಮೂಲೆಯ ಕಿಂಡಿ ತೆರೆದಿದ್ದರೆ ಬರೆಯಲಾಗದು. 5¼ ಇಂಚಿನದರಲ್ಲಿ ಬದಿಯ ಕಚ್ಚಿನ ಮೇಲೆ ಪಟ್ಟಿ ಅಂಟಿಸಬೇಕು. 8 ಇಂಚಿನದರಲ್ಲಿ ಕ್ರಮ ತಿರುಗುಮುರುಗು: ಕಚ್ಚು ತೆರೆದಿದ್ದರೇ ಡಿಸ್ಕ್ ಸುರಕ್ಷಿತ.

ಯುಎಸ್‌ಬಿ ಫ್ಲಾಪಿ ಡ್ರೈವ್‌ಗಳು ಸಾಮಾನ್ಯವಾಗಿ 1.44 ಎಂಬಿ ಮತ್ತು 720 ಕೆಬಿ ಡಿಸ್ಕ್‌ಗಳನ್ನಷ್ಟೇ ಓದುತ್ತವೆ. ಅವಕ್ಕೆ ಲಿನಕ್ಸ್‌ನ ಡಿಡಿ ಆದೇಶ ಸಾಕು. ಡಿಸ್ಕ್ ಅಲ್ಲಲ್ಲಿ ಹಾಳಾಗಿದ್ದರೆ ಜಿಎನ್‌ಯು ಡಿಡಿರೆಸ್ಕ್ಯೂ ಮೇಲು. ಅದು ಮೊದಲು ಸುಲಭವಾಗಿ ಓದಬಲ್ಲ ಭಾಗಗಳನ್ನು ತೆಗೆದು, ಹಾಳಾದ ಸೆಕ್ಟರ್‌ಗಳಿಗೆ ಆಮೇಲೆ ಮರಳುತ್ತದೆ. ಯಾವ ಸೆಕ್ಟರ್ ಸಿಕ್ಕಿತು, ಯಾವುದು ಸಿಗಲಿಲ್ಲ ಎಂಬ ನಕ್ಷೆಯನ್ನು ಪ್ರತ್ಯೇಕ ಕಡತದಲ್ಲಿ ಇಡುತ್ತದೆ. ಅದೇ ಡಿಸ್ಕನ್ನು ಇನ್ನೊಂದು ಡ್ರೈವ್‌ನಲ್ಲಿ ಓದಿ ಅದೇ ನಕ್ಷೆಯನ್ನು ಮುಂದುವರಿಸಬಹುದು.

5¼ ಇಂಚಿನ ಡಿಸ್ಕ್‌ಗಳಿಗೂ ಪಿಸಿಯದಲ್ಲದ ಡಿಸ್ಕ್‌ಗಳಿಗೂ ಕಾಂತೀಯ ಬದಲಾವಣೆಗಳನ್ನೇ ನೇರ ದಾಖಲಿಸುವ ಸಾಧನ ಬೇಕು. ಕ್ರಯೋಫ್ಲಕ್ಸ್, ಕೀರ್ ಫ್ರೇಸರ್ ರೂಪಿಸಿದ ಗ್ರೀಸ್‌ವೀಜಲ್, ಡೇವಿಡ್ ಗಿವನ್ ಅವರ ಫ್ಲಕ್ಸ್‌ಎಂಜಿನ್ ಇಂಥವು; ಇವೆಲ್ಲವನ್ನೂ ಕಮಾಂಡ್ ಲೈನ್‌ನಿಂದ ನಡೆಸಬಹುದು. ಹಳೆಯ ಡ್ರೈವ್ ಮಾತ್ರ ಬೇಕೇ ಬೇಕು. 360 ಕೆಬಿ ಡಿಸ್ಕ್‌ನಲ್ಲಿ 40 ಟ್ರ್ಯಾಕ್‌ಗಳಿದ್ದರೆ 1.2 ಎಂಬಿ ಡ್ರೈವ್‌ನ ಹೆಡ್ 80 ಟ್ರ್ಯಾಕ್‌ಗಳಿಗೆ ಹೊಂದಿಕೊಂಡದ್ದು, ಆದ್ದರಿಂದ ಒಂದು ಬಿಟ್ಟು ಒಂದು ಟ್ರ್ಯಾಕ್ ಓದುವಂತೆ ಸೂಚಿಸಬೇಕು. ಆ ಡ್ರೈವ್ ನಿಮಿಷಕ್ಕೆ 300ರ ಬದಲು 360 ಸುತ್ತು ತಿರುಗುತ್ತದೆ. ಆ ವ್ಯತ್ಯಾಸವನ್ನು ತಂತ್ರಾಂಶ ಸರಿದೂಗಿಸುತ್ತದೆ.

ಇಮೇಜ್‌ನ ಬಗೆಗಳು

ಸೆಕ್ಟರ್‌ಗಳನ್ನು ಬರಿದಾಗಿ ಸಾಲಾಗಿಟ್ಟ ಕಚ್ಚಾ ಇಮೇಜ್ ಎಲ್ಲಕ್ಕಿಂತ ಸರಳ. ಅದರ ಗಾತ್ರವೇ ಡಿಸ್ಕ್‌ನ ಗುರುತು. 368,640 ಬೈಟ್ ಇದ್ದರೆ 360 ಕೆಬಿ ಡಿಸ್ಕ್. 737,280 ಇದ್ದರೆ 720 ಕೆಬಿ. 1,228,800 ಇದ್ದರೆ 1.2 ಎಂಬಿ; 1,474,560 ಇದ್ದರೆ 1.44 ಎಂಬಿ. ಕೊನೆಯದರ ಲೆಕ್ಕ ಹೀಗೆ: 80 ಟ್ರ್ಯಾಕ್, 2 ಮುಖ, ಟ್ರ್ಯಾಕ್‌ಗೆ 18 ಸೆಕ್ಟರ್, ಸೆಕ್ಟರ್‌ಗೆ 512 ಬೈಟ್. ಗಾತ್ರ ಇವುಗಳಿಗೆ ಹೊಂದದಿದ್ದರೆ ಇಮೇಜ್ ಅರ್ಧಕ್ಕೆ ನಿಂತಿರಬಹುದು ಅಥವಾ ಬೇರೆ ಬಗೆಯದಿರಬಹುದು.

ಸೈಡೆಕ್ಸ್ ಕಂಪನಿಯ ಟೆಲಿಡಿಸ್ಕ್, ಡೇವ್ ಡನ್‌ಫೀಲ್ಡ್ ಅವರ ಇಮೇಜ್‌ಡಿಸ್ಕ್ ಬಗೆಗಳಲ್ಲಿ ಸೆಕ್ಟರ್‌ಗಳ ಜೊತೆಗೆ ಅವುಗಳ ಸಂಖ್ಯೆ, ಗಾತ್ರ, ದೋಷದ ವಿವರಗಳೂ ಇರುತ್ತವೆ. ಅವನ್ನು ಲಿಬ್‌ಡಿಎಸ್‌ಕೆ ಅಥವಾ ಸ್ಯಾಮ್‌ಡಿಸ್ಕ್‌ನಿಂದ ಕಚ್ಚಾ ಇಮೇಜ್ ಆಗಿ ಬದಲಿಸಿಕೊಂಡು ಮುಂದುವರಿಯುವುದು ರೂಢಿ. ಹಾರ್ಡ್ ಡಿಸ್ಕ್ ಇಮೇಜ್‌ನ ಆರಂಭದಲ್ಲಿ ವಿಭಾಗಗಳ ಪಟ್ಟಿ ಇರುತ್ತದೆ. ಡಾಸ್ ಕಾಲದ ಡಿಸ್ಕ್‌ಗಳಲ್ಲಿ ಮೊದಲ ವಿಭಾಗ ಸಾಮಾನ್ಯವಾಗಿ 63ನೇ ಸೆಕ್ಟರ್‌ನಿಂದ, ಅಂದರೆ 32,256ನೇ ಬೈಟ್‌ನಿಂದ ಶುರುವಾಗುತ್ತದೆ. ಸ್ಲೂತ್ ಕಿಟ್‌ನ ಎಂಎಂಎಲ್‌ಎಸ್ ಆದೇಶ ಈ ಪಟ್ಟಿಯನ್ನು ತೋರಿಸುತ್ತದೆ.

ಎಫ್‌ಎಟಿ ವ್ಯವಸ್ಥೆಯ ಒಳಗು

ಕರ್ನಾಟಕದಲ್ಲಿ ಸಿಗುವ ಫ್ಲಾಪಿಗಳಲ್ಲಿ ಹೆಚ್ಚಿನವು ಎಂಎಸ್-ಡಾಸ್‌ನ ಎಫ್‌ಎಟಿ ವ್ಯವಸ್ಥೆಯವು. ಅದರ ರಚನೆ ತಿಳಿದಿದ್ದರೆ ಉಪಕರಣ ಸೋತಾಗಲೂ ಕೈಯಿಂದಲೇ ಕಡತ ತೆಗೆಯಬಹುದು. 1.44 ಎಂಬಿ ಫ್ಲಾಪಿಯಲ್ಲಿ ಸೊನ್ನೆಯ ಸೆಕ್ಟರ್‌ನಲ್ಲಿ ಡಿಸ್ಕ್‌ನ ಅಳತೆಗಳಿವೆ. 1ರಿಂದ 18ರವರೆಗಿನ ಸೆಕ್ಟರ್‌ಗಳಲ್ಲಿ ಹಂಚಿಕೆ ಪಟ್ಟಿಯ ಎರಡು ಪ್ರತಿಗಳಿವೆ, ತಲಾ 9 ಸೆಕ್ಟರ್. 19ರಿಂದ 32ರವರೆಗೆ ಮೂಲ ಡೈರೆಕ್ಟರಿ. ಅದರಲ್ಲಿ 224 ನಮೂದುಗಳಿಗೆ ಜಾಗ. 33ನೇ ಸೆಕ್ಟರ್‌ನಿಂದ ಕಡತಗಳ ವಿಷಯ.

ಪ್ರತಿ ನಮೂದು 32 ಬೈಟ್‌ಗಳದು. ಎಂಟು ಅಕ್ಷರದ ಹೆಸರು, ಮೂರು ಅಕ್ಷರದ ವಿಸ್ತರಣೆ, ದಿನಾಂಕ, ಸಮಯ, ಮೊದಲ ಕ್ಲಸ್ಟರ್‌ನ (ಕಡತಕ್ಕೆ ಹಂಚುವ ಕನಿಷ್ಠ ಜಾಗದ) ಸಂಖ್ಯೆ, ಗಾತ್ರ ಅದರಲ್ಲಿರುತ್ತವೆ. ಕ್ಲಸ್ಟರ್‌ಗಳ ಎಣಿಕೆ 2ರಿಂದ ಆರಂಭವಾಗುವುದರಿಂದ 2ನೇ ಕ್ಲಸ್ಟರ್ ಎಂದರೆ ಈ ಫ್ಲಾಪಿಯ 33ನೇ ಸೆಕ್ಟರ್. ಮುಂದಿನ ಕ್ಲಸ್ಟರ್ ಯಾವುದೆಂದು ಹಂಚಿಕೆ ಪಟ್ಟಿ ಹೇಳುತ್ತದೆ. ಆ ಸರಪಳಿಯನ್ನು ಹಿಡಿದು ಹೋದರೆ ಕಡತ ಪೂರ್ತಿಯಾಗಿ ಸಿಗುತ್ತದೆ. ಸಮಯವನ್ನು ಎರಡು ಸೆಕೆಂಡಿನ ನಿಖರತೆಯಲ್ಲಿ, ವರ್ಷವನ್ನು 1980ರಿಂದ ಎಣಿಸಿ ಬರೆಯಲಾಗಿರುತ್ತದೆ. ಹಳೆಯ ಫ್ಲಾಪಿಯ ಕಡತಗಳಿಗೆಲ್ಲ 1980ರ ಜನವರಿ 1ರ ದಿನಾಂಕವಿದ್ದರೆ ಆ ಯಂತ್ರದಲ್ಲಿ ಗಡಿಯಾರವನ್ನು ಹೊಂದಿಸಿರಲಿಲ್ಲ ಅಥವಾ ಅದರ ಬ್ಯಾಟರಿ ಮುಗಿದಿತ್ತು ಎಂದು ತಿಳಿಯಬೇಕು. ಬರಹದ ಕಾಲನಿರ್ಣಯಕ್ಕೆ ಆ ದಿನಾಂಕ ಆಧಾರವಾಗದು.

ಮುಖ್ಯ ಉಪಕರಣಗಳು

ಎಫ್‌ಎಟಿ ಇಮೇಜ್‌ಗಳಿಗೆ ಎಂಟೂಲ್ಸ್ ಎಲ್ಲಕ್ಕಿಂತ ಒಗ್ಗುವ ಉಪಕರಣ. ಇಮೇಜನ್ನು ವ್ಯವಸ್ಥೆಗೆ ಜೋಡಿಸದೆ, ವಿಶೇಷ ಅಧಿಕಾರವಿಲ್ಲದೆ ಅದು ಕೆಲಸ ಮಾಡುತ್ತದೆ. ಎಂಡಿರ್ ಆದೇಶ ಕಡತಗಳ ಪಟ್ಟಿ ಕೊಡುತ್ತದೆ, ಎಂಟೈಪ್ ವಿಷಯವನ್ನು ತೆರೆಯ ಮೇಲೆ ತೋರಿಸುತ್ತದೆ, ಎಂಕಾಪಿ ಕಡತವನ್ನು ಹೊರಗೆ ತರುತ್ತದೆ. ಎಂಕಾಪಿಗೆ ಎರಡು ಆಯ್ಕೆಗಳನ್ನು ಮರೆಯದೆ ಕೊಡಬೇಕು: ಒಳಗಿನ ಡೈರೆಕ್ಟರಿಗಳನ್ನೂ ಸೇರಿಸಿಕೊಳ್ಳುವುದು ಒಂದು, ಮೂಲ ದಿನಾಂಕವನ್ನು ಉಳಿಸುವುದು ಇನ್ನೊಂದು. ಎರಡನೆಯದನ್ನು ಬಿಟ್ಟರೆ 1993ರ ಕಡತಕ್ಕೆ ಇಂದಿನ ದಿನಾಂಕ ಬೀಳುತ್ತದೆ. ಮೊದಲ ಸೆಕ್ಟರ್‌ನ ಅಳತೆಗಳು ಒಂದಕ್ಕೊಂದು ಹೊಂದದ ಡಿಸ್ಕ್‌ಗಳನ್ನು ಎಂಟೂಲ್ಸ್ ನಿರಾಕರಿಸಬಹುದು, ಆಗ ಅದರ ಪರೀಕ್ಷೆಗಳನ್ನು ಬಿಟ್ಟುಬಿಡುವಂತೆ ಸೂಚಿಸುವ ಸೌಲಭ್ಯವಿದೆ.

ಲಿನಕ್ಸ್‌ನಲ್ಲಿ ಇಮೇಜನ್ನು ಲೂಪ್ ಸಾಧನವಾಗಿ ಮೌಂಟ್ ಮಾಡಿಯೂ ಕಡತ ನಕಲಿಸಬಹುದು. ಹಾಗೆ ಮಾಡುವಾಗ ಓದಲು ಮಾತ್ರ ಎಂಬ ಆಯ್ಕೆ ಕಡ್ಡಾಯ. ಸೆವೆನ್-ಜಿಪ್ ಸಹ ಎಫ್‌ಎಟಿ ಇಮೇಜನ್ನು ತೆರೆಯುತ್ತದೆ. ಬ್ರಯನ್ ಕ್ಯಾರಿಯರ್ ಅವರ ಸ್ಲೂತ್ ಕಿಟ್ ತನಿಖಾ ಕೆಲಸಕ್ಕೆಂದು ಹುಟ್ಟಿದ್ದು. ಎಫ್‌ಎಲ್‌ಎಸ್ ಆದೇಶ ಅಳಿಸಿದ ಕಡತಗಳನ್ನೂ ಪಟ್ಟಿ ಮಾಡುತ್ತದೆ, ಐಕ್ಯಾಟ್ ಅವನ್ನು ಹೊರತೆಗೆಯುತ್ತದೆ. ಪತ್ರಾಗಾರಗಳಿಗೆಂದು ಇಂಥ ಉಪಕರಣಗಳನ್ನು ಒಟ್ಟುಗೂಡಿಸಿದ ಬಿಟ್‌ಕ್ಯುರೇಟರ್ ಎಂಬ ಮುಕ್ತ ವ್ಯವಸ್ಥೆಯೂ ಇದೆ.

ಇತರ ಕಡತ ವ್ಯವಸ್ಥೆಗಳು

ಡಾಸ್‌ಗಿಂತ ಹಿಂದಿನ ಸಿಪಿ/ಎಂ ವ್ಯವಸ್ಥೆಯ ಡಿಸ್ಕ್‌ಗಳಿಗೆ ಮೈಕೇಲ್ ಹಾರ್ಟ್ ಅವರ ಸಿಪಿಎಂಟೂಲ್ಸ್ ಇದೆ. ಸಿಪಿ/ಎಂ ಡಿಸ್ಕ್ ತನ್ನ ಅಳತೆಯನ್ನು ತಾನೇ ಹೇಳುವುದಿಲ್ಲ. ಯಂತ್ರ ಯಾವುದೆಂದು ಬಳಸುವವರೇ ತಿಳಿಸಬೇಕು. 8 ಇಂಚಿನ ಮೂಲ ಮಾದರಿಯಲ್ಲಿ 77 ಟ್ರ್ಯಾಕ್, 26 ಸೆಕ್ಟರ್, ಸೆಕ್ಟರ್‌ಗೆ 128 ಬೈಟ್, ಒಟ್ಟು 256,256 ಬೈಟ್. ಕಡತದ ಗಾತ್ರವೂ 128ರ ಗುಣಿತಗಳಲ್ಲೇ ಎಣಿಕೆಯಾಗುವುದರಿಂದ ಪಠ್ಯದ ನಿಜವಾದ ಕೊನೆಯನ್ನು 26 ಎಂಬ ಸಂಕೇತ ತೋರಿಸುತ್ತದೆ. ಅದರ ಮುಂದಿನದು ಹಳೆಯ ಉಳಿಕೆ.

ಕೇಂದ್ರ ಸರ್ಕಾರ 1984–85ರಲ್ಲಿ ಆರಂಭಿಸಿದ ಕ್ಲಾಸ್ ಯೋಜನೆಯಲ್ಲಿ ಭಾರತದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರ್‌ಗಳು ಬಂದವು. ಅವುಗಳ ಡಿಎಫ್‌ಎಸ್ ಡಿಸ್ಕ್‌ನಲ್ಲಿ 256 ಬೈಟ್‌ನ ಸೆಕ್ಟರ್, ಟ್ರ್ಯಾಕ್‌ಗೆ ಹತ್ತು. 40 ಟ್ರ್ಯಾಕ್‌ನ ಒಂದು ಮುಖದ ಇಮೇಜ್ 102,400 ಬೈಟ್. ಮೊದಲ ಎರಡು ಸೆಕ್ಟರ್‌ಗಳೇ ಪಟ್ಟಿ, ಅದರಲ್ಲಿ 31 ಕಡತಗಳಿಗಷ್ಟೇ ಜಾಗ. ಪ್ರತಿ ಕಡತ ಒಡೆಯದೆ ಒಂದೇ ಕಡೆ ಇರುವುದರಿಂದ ಹೊರತೆಗೆಯಲು ಇದು ಸುಲಭದ ವ್ಯವಸ್ಥೆ. ಆಪಲ್ 2ರ 143,360 ಬೈಟ್‌ನ ಇಮೇಜ್‌ಗಳಿಗೆ ಆಪಲ್‌ಕಮಾಂಡರ್, ಮೆಕಿಂಟಾಷ್‌ನ ಎಚ್‌ಎಫ್‌ಎಸ್ ಡಿಸ್ಕ್‌ಗಳಿಗೆ ಎಚ್‌ಎಫ್‌ಎಸ್‌ಯುಟಿಲ್ಸ್ ಬಳಕೆಯಲ್ಲಿವೆ. ಮೆಕಿಂಟಾಷ್ ಕಡತಕ್ಕೆ ವಿಷಯ ಮತ್ತು ಸಂಪನ್ಮೂಲ ಎಂಬ ಎರಡು ಭಾಗಗಳಿದ್ದು, ಹಳೆಯ ಫಾಂಟ್‌ಗಳು ಎರಡನೆಯದರಲ್ಲಿರುತ್ತವೆ. ವಿಷಯವನ್ನಷ್ಟೇ ನಕಲಿಸಿದರೆ ಫಾಂಟ್ ಕಳೆದುಹೋಗುತ್ತದೆ.

ಅಳಿಸಿದ ಮತ್ತು ಹಾಳಾದ ಕಡತಗಳು

ಡಾಸ್‌ನಲ್ಲಿ ಕಡತ ಅಳಿಸಿದಾಗ ವಿಷಯ ಅಳಿಯುವುದಿಲ್ಲ. ಹೆಸರಿನ ಮೊದಲ ಬೈಟ್ 229 ಎಂದು ಬದಲಾಗುತ್ತದೆ, ಹಂಚಿಕೆ ಪಟ್ಟಿಯ ಸರಪಳಿ ಸೊನ್ನೆಯಾಗುತ್ತದೆ. ಮೊದಲ ಕ್ಲಸ್ಟರ್ ಮತ್ತು ಗಾತ್ರ ಹಾಗೇ ಉಳಿಯುವುದರಿಂದ, ಕಡತ ಒಂದೇ ಕಡೆ ಸಾಲಾಗಿದ್ದು ಆ ಜಾಗಕ್ಕೆ ಬೇರೇನೂ ಬರೆದಿರದಿದ್ದರೆ ಪೂರ್ತಿಯಾಗಿ ಮರಳುತ್ತದೆ. ಡೈರೆಕ್ಟರಿಯೇ ಹಾಳಾಗಿದ್ದರೆ ಕ್ರಿಸ್ಟೋಫ್ ಗ್ರೆನಿಯೆ ಅವರ ಫೋಟೊರೆಕ್ ಕಡತದ ಆರಂಭದ ಗುರುತುಗಳನ್ನು ನೋಡಿ ಹುಡುಕುತ್ತದೆ.

ಇಂಥಲ್ಲಿ ಸ್ಟ್ರಿಂಗ್ಸ್ ಎಂಬ ಆದೇಶವನ್ನು ಹಲವರು ಬಳಸುತ್ತಾರೆ. ಅದು ಬೈಟ್‌ಗಳ ನಡುವಿನಿಂದ ಓದಬಲ್ಲ ಪಠ್ಯವನ್ನು ಆರಿಸುತ್ತದೆ. ಆದರೆ ಸಹಜ ಸ್ಥಿತಿಯಲ್ಲಿ 127ಕ್ಕಿಂತ ಮೇಲಿನ ಬೈಟ್‌ಗಳನ್ನು ಅದು ಪಠ್ಯವೆಂದು ಎಣಿಸುವುದಿಲ್ಲ. ಹಳೆಯ ಕನ್ನಡ ಪಠ್ಯದ ಬಹುಭಾಗ ಅಲ್ಲೇ ಇರುವುದು. ಎಂಟು ಬಿಟ್‌ಗಳ ಅಕ್ಷರಗಳನ್ನು ಒಪ್ಪುವ ಆಯ್ಕೆಯನ್ನು ಕೊಡದಿದ್ದರೆ ಕನ್ನಡ ತುಂಬಿದ ಡಿಸ್ಕ್ ಖಾಲಿಯೆಂಬಂತೆ ಕಾಣುತ್ತದೆ. ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು ಮಾಡಿದ ಉಪಕರಣವನ್ನು ಕನ್ನಡಕ್ಕೆ ಬಳಸುವಾಗ ಈ ಬಗೆಯ ಎಚ್ಚರ ಎಲ್ಲ ಹಂತದಲ್ಲೂ ಬೇಕು.

ಕಡತದೊಳಗಿನ ಕಡತ

ಜಾಗ ಉಳಿಸಲು ಆರ್ಕ್, ಜಿಪ್, ಎಆರ್‌ಜೆ, ಎಲ್‌ಎಚ್‌ಎ ಬಗೆಗಳಲ್ಲಿ ಕಡತಗಳನ್ನು ಕುಗ್ಗಿಸಿಡುತ್ತಿದ್ದರು. ಅನ್‌ಆರ್ ಎಂಬ ಉಪಕರಣ ಇವುಗಳಲ್ಲಿ ಹೆಚ್ಚಿನವನ್ನು ಬಿಡಿಸುತ್ತದೆ. ಡಾಸ್‌ನ ಬ್ಯಾಕಪ್ ಆದೇಶ ಒಂದು ದೊಡ್ಡ ಸಂಗ್ರಹವನ್ನು ಹಲವು ಫ್ಲಾಪಿಗಳಿಗೆ ಹಂಚುತ್ತಿತ್ತು. ಡಾಸ್ 3.3ರಿಂದ ಪ್ರತಿ ಫ್ಲಾಪಿಯಲ್ಲೂ ಬ್ಯಾಕಪ್ ಮತ್ತು ಕಂಟ್ರೋಲ್ ಎಂಬ ಎರಡೇ ಕಡತಗಳು, ವಿಸ್ತರಣೆಯಾಗಿ ಫ್ಲಾಪಿಯ ಸಂಖ್ಯೆ. ಅಂಥ ಕಟ್ಟಿನಲ್ಲಿ ಒಂದು ಫ್ಲಾಪಿ ಕಾಣೆಯಾದರೆ ಅದರಲ್ಲಿದ್ದ ಭಾಗವೂ ಕಾಣೆ. ಆದ್ದರಿಂದ ಫ್ಲಾಪಿಗಳನ್ನು ಡಬ್ಬಿಯಲ್ಲಿದ್ದ ಕ್ರಮದಲ್ಲೇ ಇಮೇಜ್ ಮಾಡಿ, ಮೇಲಿನ ಚೀಟಿಯ ಬರಹವನ್ನು ಇದ್ದಂತೆಯೇ ದಾಖಲಿಸಬೇಕು.

ಕನ್ನಡದ ಅಕ್ಷರ ಸಂಕೇತಗಳು

ಹೊರಬಂದ ಕನ್ನಡ ಕಡತ ಮೂರು ಸಂಪ್ರದಾಯಗಳಲ್ಲಿ ಒಂದಕ್ಕೆ ಸೇರಿರುತ್ತದೆ.

ಮೊದಲನೆಯದು ಇಸ್ಕಿ. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಐಎಸ್ 13194 ಎಂದು ಅಂಗೀಕರಿಸಿದ ಈ ಸಂಕೇತದಲ್ಲಿ ಬ್ರಾಹ್ಮಿಯಿಂದ ಬಂದ ಭಾರತದ ಪ್ರಮುಖ ಲಿಪಿಗಳಿಗೆಲ್ಲ ಒಂದೇ ಸಂಖ್ಯೆಗಳು. ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಇದನ್ನು ಡಾಸ್ ಯಂತ್ರಗಳಿಗೆ ತಂದಿತು. ‘ಕನ್ನಡ’ ಎಂಬುದು ಇಸ್ಕಿಯಲ್ಲಿ 179, 198, 232, 198, 191 ಎಂಬ ಐದು ಬೈಟ್‌ಗಳು: ಕ, ನ, ವಿರಾಮ, ನ, ಡ. ಅದೇ ಬೈಟ್‌ಗಳನ್ನು ತೆಲುಗು ಎಂದು ಓದಿದರೆ ತೆಲುಗು ಅಕ್ಷರಗಳು ಮೂಡುತ್ತವೆ. ಲಿಪಿ ಯಾವುದೆಂದು ಹೊರಗಿನಿಂದ ತಿಳಿಸಬೇಕು.

ಎರಡನೆಯದು ಫಾಂಟ್ ಆಧಾರಿತ ಸಂಕೇತಗಳು. ಕೆ.ಪಿ. ರಾವ್ ರೂಪಿಸಿ ಉಚಿತವಾಗಿ ಹಂಚಿದ ಸೇಡಿಯಾಪು, ಬೆಂಗಳೂರಿನ ಸೊನಾಟಾದ ಪ್ರಕಾಶಕ್, ಪುಣೆಯ ಮಾಡ್ಯುಲರ್ ಕಂಪನಿಯ ಶ್ರೀಲಿಪಿ, ಬೆಂಗಳೂರಿನ ಸೈಬರ್‌ಸ್ಕೇಪ್‌ನ ಆಕೃತಿ, ಶೇಷಾದ್ರಿವಾಸು 1998ರಲ್ಲಿ ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಈ ಕಾಲದ ಹೆಸರುಗಳು. ಇಂಥ ಫಾಂಟ್‌ಗಳಲ್ಲಿ ಬೈಟ್ ಎಂಬುದು ಅಕ್ಷರವಲ್ಲ, ಅಕ್ಷರದ ತುಂಡು. ನುಡಿಯಲ್ಲಿ ‘ಕನ್ನಡ’ ಎಂದರೆ 80, 192, 163, 192, 223, 113, 192 ಎಂಬ ಏಳು ಬೈಟ್‌ಗಳು. 192 ತಲೆಕಟ್ಟು, 223 ನಕಾರದ ಒತ್ತು. ಫಾಂಟ್ ಇಲ್ಲದ ಯಂತ್ರದಲ್ಲಿ ಇದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಗೊಂದಲವಾಗಿ ಕಾಣುತ್ತದೆ.

ಮೂರನೆಯದು ಯೂನಿಕೋಡ್. ಕನ್ನಡ ಅದರಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಇದೆ, ಆದರೆ ಮನೆಮನೆಯ ಕಂಪ್ಯೂಟರ್‌ಗೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟ್‌ನೊಡನೆ ಬಿಡುಗಡೆಯಾದ ಮೇಲೆ. ಫ್ಲಾಪಿಯ ಕಾಲದ ಕನ್ನಡ ಬಹುಪಾಲು ಮೊದಲ ಎರಡು ಸಂಪ್ರದಾಯಗಳದೇ.

ಪರಿವರ್ತನೆ

ಇಸ್ಕಿಯಿಂದ ಯೂನಿಕೋಡ್‌ಗೆ ದಾರಿ ನೇರವಾಗಿದೆ. ಐಸಿಯು ಗ್ರಂಥಾಲಯದ ಯುಕಾನ್ವ್ ಆದೇಶಕ್ಕೆ ಇಸ್ಕಿಯ ಕನ್ನಡ ಆವೃತ್ತಿಯನ್ನು, ಅಂದರೆ 7ನೇ ಆವೃತ್ತಿಯನ್ನು ಸೂಚಿಸಿದರೆ ಸಾಕು. ವಿಂಡೋಸ್‌ನಲ್ಲಿ ಇದಕ್ಕೆ 57008 ಎಂಬ ಸಂಕೇತಪುಟವಿದೆ. ಒಂದು ತೊಡಕು ಮಾತ್ರ ನೆನಪಿರಬೇಕು. ವರ್ಡ್‌ಸ್ಟಾರ್ ತನ್ನ ದಾಖಲೆಗಳಲ್ಲಿ ಪದದ ಕೊನೆಯ ಅಕ್ಷರದ ಎಂಟನೇ ಬಿಟ್ಟನ್ನು ಸ್ವಂತ ಗುರುತಿಗೆ ಬಳಸುತ್ತಿತ್ತು. ಇಸ್ಕಿಯೂ ಅದೇ ಬಿಟ್ಟನ್ನು ಬಳಸುತ್ತದೆ. ವರ್ಡ್‌ಸ್ಟಾರ್ ಕಡತವೆಂದು ಆ ಬಿಟ್ಟನ್ನು ಅಳಿಸುವ ಪರಿವರ್ತಕವನ್ನು ಇಸ್ಕಿ ಪಠ್ಯದ ಮೇಲೆ ನಡೆಸಿದರೆ ಕನ್ನಡವೆಲ್ಲ ನಾಶವಾಗುತ್ತದೆ.

ಫಾಂಟ್ ಸಂಕೇತಗಳ ಪರಿವರ್ತನೆ ಹೆಚ್ಚು ಸೂಕ್ಷ್ಮ. ನುಡಿಯಲ್ಲಿ 170, 192 ಎಂದರೆ ವ. ಅದರ ಮುಂದೆ 196 ಬಂದರೆ ಮ. ಆದ್ದರಿಂದ ಪರಿವರ್ತಕ ಯಾವಾಗಲೂ ಉದ್ದದ ಸರಣಿಯನ್ನು ಮೊದಲು ಹೊಂದಿಸಿ ನೋಡಬೇಕು. ಅರ್ಕಾವೊತ್ತಿನ ಕ್ರಮವೂ ಬೇರೆ. ‘ಧರ್ಮ’ದಲ್ಲಿ ಕಣ್ಣಿಗೆ ಕಾಣುವಂತೆ ಮಕಾರದ ನಂತರ ಅರ್ಕಾವೊತ್ತು ಬರೆದಿರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಉಚ್ಚಾರಣೆಯ ಕ್ರಮದಲ್ಲಿ ಮಕಾರಕ್ಕಿಂತ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸಬೇಕು.

ಇನ್ನೊಂದು ಸಮಸ್ಯೆ ಎರಡು ಭಾಷೆಗಳ ಕಡತದ್ದು. ಕನ್ನಡ ವಾಕ್ಯದ ನಡುವೆ ಇಂಗ್ಲಿಷ್ ಪದವಿದ್ದರೆ ಎರಡನ್ನೂ ಬೇರ್ಪಡಿಸುವುದು ಫಾಂಟ್‌ನ ಹೆಸರು ಮಾತ್ರ. ಕಡತವನ್ನು ಮೊದಲೇ ಸರಳ ಪಠ್ಯವಾಗಿಸಿದರೆ ಆ ಹೆಸರು ಹೋಗಿ, ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ವರ್ಡ್ ಕಡತಗಳನ್ನು ಲಿಬ್ರೆಆಫೀಸ್‌ನ ಕಮಾಂಡ್ ಲೈನ್‌ನಿಂದ ಫಾಂಟ್ ಹೆಸರು ಉಳಿಯುವ ರೂಪಕ್ಕೆ, ಒಡಿಟಿ ಅಥವಾ ಎಚ್‌ಟಿಎಂಎಲ್‌ಗೆ ಬದಲಿಸಿ, ಆಮೇಲೆ ಕನ್ನಡ ಫಾಂಟ್ ಇರುವ ಭಾಗಗಳನ್ನಷ್ಟೇ ಪರಿವರ್ತಿಸುವುದು ಸರಿಯಾದ ಕ್ರಮ. ನುಡಿ ಮತ್ತು ಬರಹದ ಸಂಕೇತಗಳಿಗೆ ಕನ್ನಡದ ಸ್ವತಂತ್ರ ತಂತ್ರಾಂಶ ಸಮುದಾಯ ಮುಕ್ತ ಪರಿವರ್ತಕಗಳನ್ನು ಬರೆದಿದೆ. ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಆವೃತ್ತಿಗಳ ಕಡತಗಳನ್ನು ಲಿಬ್ರೆಆಫೀಸ್ ತೆರೆಯಬಲ್ಲದು.

ಇಂಥ ಪರಿವರ್ತನೆಯ ಬೆಲೆಯೇನೆಂದು ಕನ್ನಡಕ್ಕೆ ಗೊತ್ತು. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಯೂನಿಕೋಡ್‌ಗೆ ಬಂದ ಪಠ್ಯವನ್ನು ಯಾರಾದರೂ ಹುಡುಕಬಹುದು, ತಿದ್ದಬಹುದು, ಮುಂದುವರಿಸಬಹುದು. ಮೂಲ ಕಡತ ಸಿಗದೆ ಮುದ್ರಿತ ಪ್ರತಿ ಮಾತ್ರ ಉಳಿದಿದ್ದರೆ ಅಕ್ಷರ ಗುರುತಿಸುವ ತಂತ್ರಾಂಶವೇ ಗತಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಕನ್ನಡಕ್ಕಾಗಿ ಅಂಥ ತಂತ್ರಾಂಶದ ಮೇಲೆ ಕೆಲಸ ನಡೆದಿದೆ. ಡಿಸ್ಕ್‌ನಲ್ಲಿ ಮೂಲವಿದ್ದರೆ ಅದನ್ನು ಪಡೆಯುವುದೇ ಹೆಚ್ಚು ನಿಖರ, ಕೀಲಿಮಣೆಯಲ್ಲಿ ಒತ್ತಿದ ಪ್ರತಿ ಅಕ್ಷರವೂ ಅದರಲ್ಲಿರುತ್ತದೆ.

ಪರಿಶೀಲನೆ ಮತ್ತು ಖಾಸಗಿತನ

ಇಮೇಜ್ ಮುಗಿದ ಕೂಡಲೇ ಎಸ್‌ಎಚ್‌ಎ-256 ಮೊತ್ತವನ್ನು ತೆಗೆದು ಜೊತೆಗಿಡಬೇಕು. ಮುಂದೆ ಯಾವಾಗಲಾದರೂ ಅದೇ ಮೊತ್ತ ಬಂದರೆ ಒಂದು ಬಿಟ್ಟೂ ಬದಲಾಗಿಲ್ಲವೆಂದು ಅರ್ಥ. ಹೊರತೆಗೆದ ಕಡತ, ಪರಿವರ್ತಿತ ಕಡತ, ಬಳಸಿದ ಉಪಕರಣದ ಆವೃತ್ತಿ ಮತ್ತು ನಡೆಸಿದ ಆದೇಶಗಳ ಪಟ್ಟಿ ಪ್ರತ್ಯೇಕವಾಗಿರಬೇಕು.

ಡಿಸ್ಕ್ ಇಮೇಜ್‌ನಲ್ಲಿ ಕೊಟ್ಟವರು ತೋರಿಸಬೇಕೆಂದಿದ್ದಕ್ಕಿಂತ ಹೆಚ್ಚು ಇರುತ್ತದೆ. ಅಳಿಸಿದ ಪತ್ರ, ಕೊನೆಯ ಕ್ಲಸ್ಟರ್‌ನ ಉಳಿಕೆಯಲ್ಲಿ ಹಿಂದಿನ ಗ್ರಾಹಕರ ಕಡತದ ತುಣುಕು ಸಿಗಬಹುದು. ಡಿಟಿಪಿ ಅಂಗಡಿಯ ಒಂದು ಫ್ಲಾಪಿಯಲ್ಲಿ ಹತ್ತಾರು ಕುಟುಂಬಗಳ ವಿಷಯವಿರುತ್ತದೆ. ಲೇಖಕರ ಹಕ್ಕು ಭಾರತದಲ್ಲಿ ಅವರ ಮರಣಾನಂತರ 60 ವರ್ಷ ಉಳಿಯುತ್ತದೆ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯಿದೆಯಾಗಿದೆ. ಉಳಿಸುವುದು ಬೇರೆ, ಪ್ರಕಟಿಸುವುದು ಬೇರೆ. ಎರಡನೆಯದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು.

ಆಗಬೇಕಾದ ಕೆಲಸ

ಎಫ್‌ಎಟಿಯ ರಚನೆ ಲೋಕಕ್ಕೆಲ್ಲ ತಿಳಿದದ್ದು. ಎಂಟೂಲ್ಸ್, ಸ್ಲೂತ್ ಕಿಟ್‌ಗಳನ್ನು ಬೇರೆ ದೇಶದವರು ಕಾಪಾಡಿಕೊಂಡು ಬಂದಿದ್ದಾರೆ. ಪ್ರಕಾಶಕ್‌ನ ಯಾವ ಆವೃತ್ತಿಯಲ್ಲಿ ಯಾವ ಬೈಟ್ ಯಾವ ಒತ್ತಕ್ಷರ ಎಂಬುದನ್ನು ಕನ್ನಡಿಗರಲ್ಲದೆ ಬೇರಾರೂ ಕಾಪಾಡುವುದಿಲ್ಲ. ಆ ತಿಳಿವಳಿಕೆ ಇರುವುದು ತಂತ್ರಾಂಶ ಬರೆದವರಲ್ಲಿ, ದಿನವಿಡೀ ಅದರಲ್ಲಿ ಅಕ್ಷರ ಜೋಡಿಸಿದ ಡಿಟಿಪಿ ಕೆಲಸಗಾರರಲ್ಲಿ. ಅವರಲ್ಲಿ ಹಲವರು ಇಂದು ನಿವೃತ್ತಿಯ ವಯಸ್ಸಿನವರು. ಆದ್ದರಿಂದ ಡಿಸ್ಕ್‌ಗಳನ್ನು ಇಮೇಜ್ ಮಾಡುವುದರ ಜೊತೆಗೇ ಹಳೆಯ ಫಾಂಟ್‌ಗಳನ್ನೂ, ಕೀಲಿಮಣೆ ಪಟ್ಟಿಗಳನ್ನೂ, ತಂತ್ರಾಂಶಗಳ ಕೈಪಿಡಿಗಳನ್ನೂ ಸಂಗ್ರಹಿಸಬೇಕು. ಒಂದೇ ಪುಸ್ತಕದ ಮುದ್ರಿತ ಪುಟ ಮತ್ತು ಮೂಲ ಕಡತ ಎರಡೂ ಸಿಕ್ಕರೆ, ಎರಡನ್ನೂ ಹೋಲಿಸಿ ಮರೆತುಹೋದ ಸಂಕೇತದ ಕೋಷ್ಟಕವನ್ನು ಬಹುಮಟ್ಟಿಗೆ ಮತ್ತೆ ಕಟ್ಟಬಹುದು. ಒಮ್ಮೆ ಕಟ್ಟಿದ ಕೋಷ್ಟಕ ಆ ತಂತ್ರಾಂಶದ ಅದೇ ಆವೃತ್ತಿಯ ಎಲ್ಲ ಕಡತಗಳಿಗೂ ಸಲ್ಲುತ್ತದೆ. ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳೂ ಕಂಪ್ಯೂಟರ್ ವಿಭಾಗಗಳೂ ಒಟ್ಟಾಗಿ ವಿದ್ಯಾರ್ಥಿಗಳಿಗೆ ಕೊಡಬಹುದಾದ ಅಧ್ಯಯನ ಇದು. ಅದಕ್ಕೆ ಬೇಕಾದ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಡಿಸ್ಕ್‌ಗಳು ಓದುವ ಸ್ಥಿತಿಯಲ್ಲಿ ಇರುವಾಗಲೇ ಅದು ಆಗಬೇಕು.